ಶಾಲೆಗೂ ಕ್ಲಿನಿಕ್ಕಿಗೂ ಒಂದೇ ಓದು: ಅಮೆರಿಕದಲ್ಲಿ ಶಾಲಾ ಮತ್ತು ಮಾನಸಿಕ ಆರೋಗ್ಯ ಆಪ್ತಸಮಾಲೋಚನೆ ಎರಡನ್ನೂ ಕಲಿಯುವ ಬಗೆ

ಏಳನೇ ತರಗತಿಯ ಹುಡುಗನೊಬ್ಬ ಮೂರು ವಾರಗಳಿಂದ ಗಣಿತದ ಪೀರಿಯಡ್ ಬಂತೆಂದರೆ ಹೊಟ್ಟೆನೋವೆಂದು ನರ್ಸ್ ಕೋಣೆಗೆ ಹೋಗುತ್ತಿದ್ದಾನೆ ಎಂದುಕೊಳ್ಳಿ. ಶಾಲೆಯ ಆಪ್ತಸಮಾಲೋಚಕಿ ಅವನನ್ನು ಕರೆದು ಕೂರಿಸಿಕೊಳ್ಳುತ್ತಾರೆ. ಸಿಗುವುದು ಇಪ್ಪತ್ತು ನಿಮಿಷ. ಗಣಿತ ಬರೀ ನೆಪ, ಮನೆಯಲ್ಲಿ ಅಪ್ಪನ ಕೆಲಸ ಹೋಗಿದೆ, ರಾತ್ರಿ ನಿದ್ದೆ ಬರುತ್ತಿಲ್ಲ ಎಂಬಲ್ಲಿಗೆ ಗಂಟೆ ಬಾರಿಸುತ್ತದೆ. ಮುಂದಿನ ಚಿಕಿತ್ಸೆಗೆ ಹೊರಗಿನ ಥೆರಪಿಸ್ಟ್ ಬಳಿ ಕಳುಹಿಸಬೇಕು. ಆ ಥೆರಪಿಸ್ಟ್‌ಗೆ ಆತಂಕದ ಕಾಯಿಲೆ ಚೆನ್ನಾಗಿ ಗೊತ್ತು, ಆದರೆ ಶಾಲೆಯೊಳಗೆ ಮಗುವಿಗೆ ಯಾವ ಅನುಕೂಲ ಕೇಳಬಹುದು, ಯಾರನ್ನು ಕೇಳಬೇಕು ಎಂಬುದು ಗೊತ್ತಿರುವುದು ಅಪರೂಪ. ಇಬ್ಬರ ನಡುವೆ ಮಗು ನಿಂತಿರುತ್ತದೆ.

ಈ ಎರಡೂ ಬದಿಗಳನ್ನು ಒಂದೇ ಸ್ನಾತಕೋತ್ತರ ಪದವಿಯಲ್ಲಿ ಕಲಿಯುವ ದಾರಿ ಅಮೆರಿಕದಲ್ಲಿದೆ. ನಾನು ಆ ದಾರಿಯಲ್ಲಿ ನಡೆದವಳು. ಬಿ.ಎ. ಮನಃಶಾಸ್ತ್ರ ಮುಗಿಸಿ ಊರಿನಿಂದಲೇ ಅರ್ಜಿ ಹಾಕುವವರು, ಮದುವೆಯಾಗಿ ಇಲ್ಲಿಗೆ ಬಂದು ಮತ್ತೆ ಓದಬೇಕೆನ್ನುವವರು, ಐ.ಟಿ. ಕೆಲಸ ಬಿಟ್ಟು ಬರುವವರು, ಈ ಮೂರೂ ಬಗೆಯ ಕನ್ನಡಿಗರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಯಾವ ವಿಶ್ವವಿದ್ಯಾಲಯ ಒಳ್ಳೆಯದು? ಅದು ಎರಡನೆಯ ಪ್ರಶ್ನೆ. ಮೊದಲನೆಯದು, ಓದು ಮುಗಿದ ಮೇಲೆ ಯಾವ ರಾಜ್ಯದಲ್ಲಿ ಕೆಲಸ ಮಾಡುತ್ತೀರಿ ಎಂಬುದು. ಕೊನೆಯಲ್ಲಿ ಕೈಗೆ ಬರಬೇಕಾದ ಕಾಗದ ಯಾವುದೆಂದು ಮೊದಲೇ ನೋಡಿಕೊಂಡು ಅಲ್ಲಿಂದ ಹಿಂದಕ್ಕೆ ಬಂದರೆ ಮಾತ್ರ ಈ ಓದು ಸುಸೂತ್ರವಾಗುತ್ತದೆ.

ಒಂದು ಪದವಿ, ಎರಡು ಕಚೇರಿ

ಅಮೆರಿಕದಲ್ಲಿ ಈ ಎರಡು ವೃತ್ತಿಗಳು ಬೇರೆ ಬೇರೆ ಕಾರಣಕ್ಕೆ ಬೆಳೆದವು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಮರುವರ್ಷವೇ ಬಂದ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆ, ಪ್ರತಿಭಾವಂತ ಮಕ್ಕಳನ್ನು ಗುರುತಿಸಿ ವಿಜ್ಞಾನದ ಕಡೆ ತಿರುಗಿಸಲೆಂದು ಶಾಲಾ ಸಮಾಲೋಚಕರ ತರಬೇತಿಗೆ ಹಣ ಸುರಿಯಿತು. ಮಾನಸಿಕ ಆರೋಗ್ಯದ ಕಡೆ ತಿರುವು ತಂದದ್ದು 1963ರ ಸಮುದಾಯ ಮಾನಸಿಕ ಆರೋಗ್ಯ ಕಾಯಿದೆ. ದೊಡ್ಡ ಆಸ್ಪತ್ರೆಗಳ ಗೋಡೆಯೊಳಗಿದ್ದವರನ್ನು ಊರಿನ ಕೇಂದ್ರಗಳಲ್ಲಿ ನೋಡಿಕೊಳ್ಳಬೇಕೆಂಬುದು ಅದರ ಆಶಯ. ಸಮಾಲೋಚಕರಿಗೆ ಪರವಾನಗಿ ಕೊಟ್ಟ ಮೊದಲ ರಾಜ್ಯ ವರ್ಜೀನಿಯಾ, 1976ರಲ್ಲಿ. ಕೊನೆಯದು ಕ್ಯಾಲಿಫೋರ್ನಿಯಾ, 2009ರಲ್ಲಿ.

ಇದರ ಫಲ ಇಂದಿಗೂ ಇದೆ. ಶಾಲೆಯಲ್ಲಿ ಕೆಲಸ ಮಾಡಲು ಬೇಕಾದ ಪ್ರಮಾಣಪತ್ರವನ್ನು ರಾಜ್ಯದ ಶಿಕ್ಷಣ ಇಲಾಖೆಯೋ ಶಿಕ್ಷಕರಿಗೆ ಪ್ರಮಾಣಪತ್ರ ಕೊಡುವ ಮಂಡಳಿಯೋ ಕೊಡುತ್ತದೆ. ಕ್ಲಿನಿಕ್ಕಿನಲ್ಲಿ ಚಿಕಿತ್ಸೆ ಕೊಡಲು ಬೇಕಾದ ಪರವಾನಗಿಯನ್ನು ವೃತ್ತಿ ಪರವಾನಗಿ ಮಂಡಳಿ ಕೊಡುತ್ತದೆ. ಎರಡಕ್ಕೂ ಅರ್ಜಿ, ಶುಲ್ಕ, ಪರೀಕ್ಷೆ, ಬೆರಳಚ್ಚು ಎಲ್ಲವೂ ಬೇರೆ ಬೇರೆ. ಪದವಿ ಒಂದೇ ಆದರೂ ಎರಡು ಬಾಗಿಲು ತಟ್ಟಬೇಕು.

ಹಂತ 1: ರಾಜ್ಯದ ನಿಯಮ ಓದಿ

ಎರಡು ರಾಜ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಏಕೆ ಮೊದಲು ಬರಬೇಕೆಂದು ತಿಳಿಯುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಶಾಲೆಯ ಪ್ರಮಾಣಪತ್ರದ ಹೆಸರು ಪಿಪಿಎಸ್. ಅದಕ್ಕೆ 48 ಕ್ರೆಡಿಟ್ ಓದು, 100 ಗಂಟೆ ಪ್ರಾಕ್ಟಿಕಮ್ (ಇಂಟರ್ನ್‌ಶಿಪ್‌ಗೆ ಮೊದಲು ಮಾಡುವ ಅಭ್ಯಾಸ), 800 ಗಂಟೆ ಶಾಲೆಯ ಕೆಲಸ ಬೇಕು. ಕ್ಲಿನಿಕ್ ಪರವಾನಗಿ ಎಲ್‌ಪಿಸಿಸಿಗೆ 60 ಕ್ರೆಡಿಟ್ ಓದು, ಓದುವಾಗಲೇ 280 ಗಂಟೆ ನೇರವಾಗಿ ಜನರೊಂದಿಗೆ ಕೂತ ಅನುಭವ, ಪದವಿಯ ನಂತರ ಕನಿಷ್ಠ ಎರಡು ವರ್ಷಗಳಲ್ಲಿ 3,000 ಗಂಟೆ ಮೇಲ್ವಿಚಾರಣೆಯ ಕೆಲಸ ಬೇಕು. ಟೆಕ್ಸಸ್‌ನಲ್ಲೂ ಕ್ಲಿನಿಕ್ ಪರವಾನಗಿ ಎಲ್‌ಪಿಸಿಗೆ 60 ಕ್ರೆಡಿಟ್, 3,000 ಗಂಟೆ. ಅದರಲ್ಲಿ ಅರ್ಧ ನೇರ ಸಮಾಲೋಚನೆಯಾಗಿರಬೇಕು. ಆದರೆ ಟೆಕ್ಸಸ್‌ನ ಶಾಲಾ ಪ್ರಮಾಣಪತ್ರಕ್ಕೆ, 2023ರಲ್ಲಿ ಕಾನೂನು ಬದಲಾಗುವವರೆಗೆ, ತರಗತಿಯಲ್ಲಿ ಎರಡು ವರ್ಷ ಪಾಠ ಮಾಡಿದ ಅನುಭವವೂ ಬೇಕಿತ್ತು. ಡಲ್ಲಾಸ್, ಆಸ್ಟಿನ್ ಸುತ್ತಮುತ್ತ ನೆಲೆಸಿರುವ ಎಷ್ಟೋ ನಮ್ಮವರಿಗೆ ಇದು ತಿಳಿಯುತ್ತಿದ್ದದ್ದು ಓದಿನ ಕೊನೆಯ ವರ್ಷದಲ್ಲಿ. ಪಾಠ ಮಾಡಿದ ಅನುಭವ ಇಲ್ಲದವರು ಅಲ್ಲಿ ಮೊದಲು ಶಿಕ್ಷಕರಾಗಬೇಕಿತ್ತು, ಇಲ್ಲವೇ ಬೇರೆ ರಾಜ್ಯ ಹುಡುಕಬೇಕಿತ್ತು. ಬಹುತೇಕ ರಾಜ್ಯಗಳಲ್ಲಿ ಈ ಷರತ್ತು ಇಲ್ಲ.

ಆದ್ದರಿಂದ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಶಾಲೆ, ಬಲಕ್ಕೆ ಕ್ಲಿನಿಕ್. ರಾಜ್ಯ ಸರ್ಕಾರದ ಜಾಲತಾಣದಿಂದಲೇ ಎರಡೂ ಕಡೆಯ ಕ್ರೆಡಿಟ್, ಕಡ್ಡಾಯ ವಿಷಯಗಳು, ಗಂಟೆಗಳು, ಪರೀಕ್ಷೆ, ಪದವಿಯ ನಂತರದ ಷರತ್ತುಗಳನ್ನು ಬರೆದುಕೊಳ್ಳಿ. ವಿಶ್ವವಿದ್ಯಾಲಯದ ಕರಪತ್ರವನ್ನು ಇದಕ್ಕೆ ಆಧಾರವಾಗಿ ಇಟ್ಟುಕೊಳ್ಳಬೇಡಿ. ಯಾವ ರಾಜ್ಯವೆಂದು ನಿಮಗಿನ್ನೂ ಖಚಿತವಿಲ್ಲದಿದ್ದರೆ ಹೆಚ್ಚು ಕಠಿಣವಾದ ರಾಜ್ಯದ ನಿಯಮವನ್ನೇ ಹಿಡಿಯಿರಿ. ಒಂದು ರಾಜ್ಯದ ಪರವಾನಗಿಯಿಂದ ಇನ್ನೊಂದರಲ್ಲಿ ಕೆಲಸ ಮಾಡಲು ಅವಕಾಶ ಕೊಡುವ ಕೌನ್ಸೆಲಿಂಗ್ ಕಾಂಪ್ಯಾಕ್ಟ್ ಎಂಬ ಅಂತರರಾಜ್ಯ ಒಪ್ಪಂದಕ್ಕೆ 30ಕ್ಕೂ ಹೆಚ್ಚು ರಾಜ್ಯಗಳು ಸೇರಿವೆ. ಅದು ಕ್ಲಿನಿಕ್ ಪರವಾನಗಿಗೆ ಮಾತ್ರ. ಶಾಲಾ ಪ್ರಮಾಣಪತ್ರ ಅದರೊಳಗೆ ಬರುವುದಿಲ್ಲ.

ಹಂತ 2: ಕಾರ್ಯಕ್ರಮದ ಒಳಗನ್ನು ನೋಡಿ

ಈ ಕ್ಷೇತ್ರದಲ್ಲಿ ಮಾನ್ಯತೆ ಕೊಡುವ ಮುಖ್ಯ ಸಂಸ್ಥೆ ಕೇಕ್ರೆಪ್, 1981ರಿಂದ ಇದೆ. ಅದರ ಈಗಿನ ಮಾನದಂಡಗಳು 2024ರ ಜುಲೈ 1ರಿಂದ ಜಾರಿಯಲ್ಲಿವೆ. ಇಲ್ಲಿ ಹಲವರು ಎಡವುವ ಒಂದು ಸಂಗತಿಯಿದೆ. ಮಾನ್ಯತೆ ಸಿಗುವುದು ಇಡೀ ವಿಶ್ವವಿದ್ಯಾಲಯಕ್ಕಲ್ಲ, ಒಂದೊಂದು ವಿಶೇಷ ಶಾಖೆಗೆ. ಮಾನಸಿಕ ಆರೋಗ್ಯದ ಶಾಖೆಗೆ ಮಾನ್ಯತೆ ಇದ್ದು ಶಾಲಾ ಶಾಖೆಗೆ ಇಲ್ಲದಿರುವುದು ಸಾಧ್ಯ. ಕೇಕ್ರೆಪ್‌ನ ಪಟ್ಟಿಯಲ್ಲಿ ಎರಡೂ ಶಾಖೆಗಳ ಹೆಸರನ್ನು ನೀವೇ ಕಣ್ಣಾರೆ ನೋಡಿ.

ಎರಡನ್ನೂ ಕಲಿಸುವ ಕಾರ್ಯಕ್ರಮಗಳು ಸಾಮಾನ್ಯವಾಗಿ ಮೂರು ಬಗೆ. ಕೆಲವು ಕಡೆ ಎರಡೂ ಶಾಖೆಗಳನ್ನು ಒಂದೇ ಪದವಿಯಲ್ಲಿ ಹೆಣೆದಿರುತ್ತಾರೆ; 60 ಕ್ರೆಡಿಟ್ ದಾಟಿ ಇನ್ನೂ ಕೆಲವು ವಿಷಯಗಳಿರುತ್ತವೆ. ಕೆಲವು ಕಡೆ ಒಂದು ಶಾಖೆಗೆ ಸೇರಿ, ಮೊದಲ ವರ್ಷದ ನಂತರ ಎರಡನೆಯದಕ್ಕೆ ಮತ್ತೆ ಅರ್ಜಿ ಹಾಕಬೇಕು, ಸಿಗುತ್ತದೆಂಬ ಖಾತರಿಯಿಲ್ಲ. ಮೂರನೆಯದು, ಒಂದು ಶಾಖೆಯಲ್ಲಿ ಪದವಿ ಮುಗಿಸಿ ಇನ್ನೊಂದನ್ನು ಪ್ರಮಾಣಪತ್ರವಾಗಿ ಆಮೇಲೆ ಸೇರಿಸಿಕೊಳ್ಳುವುದು. ಕೈಯಲ್ಲಿ ಚಿಕ್ಕ ಮಗು ಇರುವವರಿಗೆ, ಹಣ ಬಿಗಿಯಾಗಿರುವವರಿಗೆ ನಾನು ಈ ಮೂರನೆಯದನ್ನೇ ಹೇಳುತ್ತೇನೆ. ಒಂದು ಕೆಲಸ ಹಿಡಿದ ಮೇಲೆ ಇನ್ನೊಂದನ್ನು ಓದಬಹುದು. ಆದರೆ ಮೊದಲು ಕ್ಲಿನಿಕ್ ಶಾಖೆಯನ್ನು ಮುಗಿಸಿ. ಆ ಪರವಾನಗಿಗೆ ಪದವಿಯ ನಂತರವೂ ವರ್ಷಗಟ್ಟಲೆ ದುಡಿಯಬೇಕು, ಆ ಗಡಿಯಾರ ಬೇಗ ಶುರುವಾದಷ್ಟೂ ಒಳ್ಳೆಯದು.

ಹೆಸರಿಗೆ ಮೋಸಹೋಗಬೇಡಿ. ಮನಃಶಾಸ್ತ್ರದಲ್ಲಿ ಎಂ.ಎ., ಶೈಕ್ಷಣಿಕ ಮನಃಶಾಸ್ತ್ರದಲ್ಲಿ ಎಂ.ಎಸ್. ಬಹಳ ಸಲ ಸಂಶೋಧನೆಯ ಪದವಿಗಳು. ಅವುಗಳಿಂದ ಈ ಎರಡು ಬಾಗಿಲುಗಳೂ ತೆರೆಯುವುದಿಲ್ಲ. 'ಸ್ಕೂಲ್ ಸೈಕಾಲಜಿ' ಎಂಬುದಂತೂ ಮಕ್ಕಳ ಕಲಿಕಾ ಪರೀಕ್ಷೆಗಳಿಗೆ ಸಂಬಂಧಿಸಿದ ಇನ್ನೊಂದೇ ವೃತ್ತಿ.

ಅರ್ಜಿ ಹಾಕುವ ಮೊದಲು ವಿಭಾಗಕ್ಕೆ ಇಮೇಲ್ ಬರೆದು ಇಷ್ಟನ್ನು ಕೇಳಿ: ಎರಡೂ ಶಾಖೆ ಮುಗಿಸಿದವರು ನನ್ನ ರಾಜ್ಯದ ಎರಡೂ ಅರ್ಹತೆಗಳನ್ನು ಪೂರೈಸುತ್ತಾರೆಯೇ? ಇಂಟರ್ನ್‌ಶಿಪ್ ಜಾಗವನ್ನು ನೀವು ಹುಡುಕಿಕೊಡುತ್ತೀರೋ, ವಿದ್ಯಾರ್ಥಿಯೇ ಹುಡುಕಬೇಕೋ? ಕಳೆದ ವರ್ಷ ಎರಡನ್ನೂ ಮುಗಿಸಿದವರು ಎಷ್ಟು ಜನ, ಎಷ್ಟು ವರ್ಷ ತೆಗೆದುಕೊಂಡರು? ಮೂರನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಕಾರ್ಯಕ್ರಮದ ನಿಜಸ್ಥಿತಿ ಗೊತ್ತಾಗುತ್ತದೆ.

ಹಂತ 3: ಅರ್ಜಿ

ಪದವಿ ಮನಃಶಾಸ್ತ್ರದಲ್ಲೇ ಆಗಿರಬೇಕೆಂದಿಲ್ಲ. ವಾಣಿಜ್ಯ, ಎಂಜಿನಿಯರಿಂಗ್ ಓದಿದವರೂ ಸೇರುತ್ತಾರೆ. ಒಂದೆರಡು ಮೂಲ ವಿಷಯಗಳನ್ನು ಮೊದಲು ಮುಗಿಸಲು ಹೇಳಬಹುದು. ನಮ್ಮ ಮೂರು ವರ್ಷದ ಬಿ.ಎ. ಅಥವಾ ಬಿ.ಎಸ್ಸಿ.ಯನ್ನು ಕೆಲವು ವಿಶ್ವವಿದ್ಯಾಲಯಗಳು ಇಲ್ಲಿನ ನಾಲ್ಕು ವರ್ಷದ ಪದವಿಗೆ ಸಮವೆಂದು ಒಪ್ಪುವುದಿಲ್ಲ. ಅಂಕಪಟ್ಟಿಯ ಮೌಲ್ಯಮಾಪನಕ್ಕೆ ಹಣ ಕಟ್ಟುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಿ. ಜಿಆರ್‌ಇಯನ್ನು ಈಗ ಬಹಳ ಕಡೆ ಕೇಳುವುದಿಲ್ಲ.

ಉದ್ದೇಶ ಪತ್ರದಲ್ಲಿ 'ಜನರಿಗೆ ಸಹಾಯ ಮಾಡುವುದೆಂದರೆ ನನಗೆ ಚಿಕ್ಕಂದಿನಿಂದ ಇಷ್ಟ' ಎಂದು ಬರೆಯಬೇಡಿ. ಎಲ್ಲರೂ ಅದನ್ನೇ ಬರೆಯುತ್ತಾರೆ. ಎರಡೂ ಶಾಖೆ ಏಕೆ ಬೇಕು ಎಂಬುದಕ್ಕೆ ನೀವು ಕಂಡ ಒಂದು ಸಂದರ್ಭ ಬರೆಯಿರಿ. ಪಿಯುಸಿ ಫಲಿತಾಂಶದ ದಿನ ಹಾಸ್ಟೆಲ್‌ನಲ್ಲಿ ಕಂಡದ್ದು, ಎನ್‌ಎಸ್‌ಎಸ್ ಶಿಬಿರದಲ್ಲಿ ಮಕ್ಕಳೊಡನೆ ಕಳೆದದ್ದು, ಮಕ್ಕಳ ಸಹಾಯವಾಣಿ 1098ರ ಜೊತೆ ಕೆಲಸ ಮಾಡಿದ್ದು, ಯಾವುದೂ ಸಣ್ಣದಲ್ಲ. ಸಂದರ್ಶನ ಬಹಳ ಕಡೆ ಗುಂಪಿನಲ್ಲಿ ನಡೆಯುತ್ತದೆ. ಅಲ್ಲಿ ಹೆಚ್ಚು ಮಾತನಾಡಿದವರನ್ನು ಆರಿಸುತ್ತಾರೆಂಬುದು ನಮ್ಮ ಭ್ರಮೆ. ಪಕ್ಕದವರ ಮಾತನ್ನು ನೀವು ಹೇಗೆ ಕೇಳಿಸಿಕೊಳ್ಳುತ್ತೀರಿ ಎಂದು ನೋಡುತ್ತಿರುತ್ತಾರೆ.

ಹಂತ 4: ವೀಸಾ ಮತ್ತು ಹಣ

ಊರಿನಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬರುವವರು ಈ ಭಾಗವನ್ನು ಎರಡು ಸಲ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಒಪಿಟಿ ಅವಧಿ 12 ತಿಂಗಳು. ಕಂಪ್ಯೂಟರ್ ವಿಜ್ಞಾನದವರಿಗೆ ಸಿಗುವ 24 ತಿಂಗಳ ವಿಸ್ತರಣೆ ಆಪ್ತಸಮಾಲೋಚನೆಗೆ ಇಲ್ಲ. ಕ್ಲಿನಿಕ್ ಪರವಾನಗಿಗೆ ಬೇಕಾದ 3,000 ಗಂಟೆಯನ್ನು 12 ತಿಂಗಳಲ್ಲಿ ಮುಗಿಸಲು ಆಗುವುದಿಲ್ಲ. ಕನಿಷ್ಠ ಅವಧಿಯ ನಿಯಮವೇ ಅಡ್ಡ ಬರುತ್ತದೆ. ಅಂದರೆ ಕೆಲಸ ಕೊಡುವವರು ಯಾರಾದರೂ ನಿಮ್ಮನ್ನು ಎಚ್-1ಬಿ ಉದ್ಯೋಗ ವೀಸಾಕ್ಕೆ ಪ್ರಾಯೋಜಿಸಬೇಕು. ವಿಶ್ವವಿದ್ಯಾಲಯಗಳಿಗೂ ಅವುಗಳೊಂದಿಗೆ ಸಂಯೋಜಿತವಾದ ಲಾಭರಹಿತ ಸಂಸ್ಥೆಗಳಿಗೂ ಎಚ್-1ಬಿ ಲಾಟರಿಯಿಂದ ವಿನಾಯಿತಿ ಇದೆ. ಸಾಮಾನ್ಯ ಸರ್ಕಾರಿ ಶಾಲೆಗೆ ಅಂಥ ಸಂಯೋಜನೆ ಇಲ್ಲದಿದ್ದರೆ ವಿನಾಯಿತಿ ಇಲ್ಲ. ದೇಶದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗಳ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ 1 ಲಕ್ಷ ಡಾಲರ್ ಶುಲ್ಕವನ್ನೂ ಘೋಷಿಸಲಾಯಿತು. ಮನೆ ಅಡವಿಟ್ಟು ಸಾಲ ತೆಗೆಯುವ ಮೊದಲು ಈ ಲೆಕ್ಕವನ್ನು ಅಪ್ಪ ಅಮ್ಮನ ಜೊತೆ ಕೂತು ಮಾಡಿ. ಪದವಿ ಮುಗಿಸಿ ಊರಿಗೆ ಮರಳಿದರೂ ಈ ಓದು ನನಗೆ ಬೇಕು ಎನ್ನುವವರು ಮಾತ್ರ ಈ ದಾರಿಗೆ ಬರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಟರ್ನ್‌ಶಿಪ್‌ಗೆ ಸಿಪಿಟಿ, ಅಂದರೆ ಓದಿನ ಭಾಗವಾಗಿ ಕೆಲಸ ಮಾಡುವ ಅನುಮತಿ ಬೇಕಾಗುತ್ತದೆ. ಪೂರ್ಣಾವಧಿ ಸಿಪಿಟಿಯನ್ನು 12 ತಿಂಗಳು ಬಳಸಿದರೆ ಒಪಿಟಿಯ ಹಕ್ಕೇ ಹೋಗುತ್ತದೆ. ವಾರಕ್ಕೆ 20 ಗಂಟೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಅರೆಕಾಲಿಕ, ಆ ಲೆಕ್ಕಕ್ಕೆ ಸೇರುವುದಿಲ್ಲ. ಎರಡು ಇಂಟರ್ನ್‌ಶಿಪ್ ಮಾಡುವ ನಮ್ಮಂಥವರಿಗೆ ಇದು ಬಹಳ ಮುಖ್ಯ. ಎಚ್-1ಬಿಯವರ ಗಂಡ ಅಥವಾ ಹೆಂಡತಿಯಾಗಿ ಎಚ್-4 ವೀಸಾದಲ್ಲಿರುವವರು ಓದಬಹುದು, ಆದರೆ ಕೆಲಸದ ಅನುಮತಿ ಪತ್ರವಿಲ್ಲದೆ ದುಡಿಯುವಂತಿಲ್ಲ. ಸಂಬಳವಿಲ್ಲದ ಇಂಟರ್ನ್‌ಶಿಪ್ ಕೂಡ ಮಾಡಬಹುದೇ ಎಂಬುದನ್ನು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಿಂದ ಬರಹದಲ್ಲೇ ಪಡೆದುಕೊಳ್ಳಿ.

ಗ್ರೀನ್ ಕಾರ್ಡ್ ಇದ್ದವರಿಗೂ ನಾಗರಿಕರಿಗೂ ಕೇಂದ್ರ ಸರ್ಕಾರದ ಸಾಲ ಸಿಗುತ್ತದೆ. ಸರ್ಕಾರಿ ಶಾಲೆಯಲ್ಲಿ ದುಡಿಯುತ್ತ 120 ಅರ್ಹ ಮಾಸಿಕ ಕಂತು ಕಟ್ಟಿದರೆ ಉಳಿದ ಸಾಲ ಮನ್ನಾ ಆಗುವ ಯೋಜನೆಯೂ ಇದೆ. ಇಂಟರ್ನ್‌ಶಿಪ್‌ಗಳಿಗೆ ಬಹುಪಾಲು ಸಂಬಳ ಇರುವುದಿಲ್ಲ ಎಂಬುದನ್ನು ಮನೆಯ ಖರ್ಚಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಹಂತ 5: ತರಗತಿಗಳು

ಎರಡೂ ಶಾಖೆಗಳಿಗೆ ಬುನಾದಿ ಒಂದೇ. ವೃತ್ತಿಧರ್ಮ, ಸಂಸ್ಕೃತಿಗಳ ಅರಿವು, ಬದುಕಿನ ಬೆಳವಣಿಗೆಯ ಹಂತಗಳು, ಉದ್ಯೋಗ ಮಾರ್ಗದರ್ಶನ, ಸಮಾಲೋಚನೆಯ ಕೌಶಲ, ಗುಂಪು ಸಮಾಲೋಚನೆ, ಮಾಪನ, ಸಂಶೋಧನೆ, ಹೀಗೆ ಎಂಟು ಕ್ಷೇತ್ರಗಳು. ಇದರ ಮೇಲೆ ಕ್ಲಿನಿಕ್ ಶಾಖೆಯವರು ರೋಗನಿದಾನ ಮತ್ತು ಚಿಕಿತ್ಸಾ ಯೋಜನೆಯನ್ನು ಓದುತ್ತಾರೆ. ಕಾಯಿಲೆಗಳನ್ನು ವರ್ಗೀಕರಿಸುವ ಡಿಎಸ್ಎಂ ಕೈಪಿಡಿ ಅಲ್ಲಿ ಸದಾ ಕೈಯಲ್ಲಿರುತ್ತದೆ. ಶಾಲಾ ಶಾಖೆಯವರು ರೋಗನಿದಾನ ಮಾಡುವುದಿಲ್ಲ. ಅವರು ಇಡೀ ಶಾಲೆಗೆ ಒಂದು ಕಾರ್ಯಕ್ರಮ ಕಟ್ಟುವುದನ್ನು, ಹಾಜರಾತಿ ಮತ್ತು ಅಂಕಗಳ ಅಂಕಿಅಂಶಗಳಿಂದ ತೊಂದರೆಯಲ್ಲಿರುವ ಮಕ್ಕಳನ್ನು ಗುರುತಿಸುವುದನ್ನು ಕಲಿಯುತ್ತಾರೆ. ಅಮೆರಿಕದ ಶಾಲಾ ಸಮಾಲೋಚಕರ ಸಂಘ ಹೇಳುವುದು 250 ಮಕ್ಕಳಿಗೆ ಒಬ್ಬರು ಇರಬೇಕೆಂದು; ದೇಶದ ಸರಾಸರಿ ಅದಕ್ಕಿಂತ ಬಹಳ ಮೇಲಿದೆ. ಹಾಗಾಗಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತನಾಡುವುದರಿಂದ ಮಾತ್ರ ಶಾಲೆಯ ಕೆಲಸ ಸಾಗುವುದಿಲ್ಲ.

ಮೊದಲ ಸೆಮಿಸ್ಟರ್‌ನ ಕೌಶಲ ತರಗತಿಯೇ ನನಗೆ ಅತ್ಯಂತ ಕಷ್ಟವಾದದ್ದು. ಸಹಪಾಠಿಯೊಂದಿಗೆ ಅರ್ಧ ಗಂಟೆ ಮಾತನಾಡಿ, ವಿಡಿಯೊ ತೆಗೆದು, ಪ್ರತಿ ಮಾತನ್ನೂ ಬರೆದಿಳಿಸಿ, ನಾನು ಅಲ್ಲಿ ಏಕೆ ಹಾಗೆ ಹೇಳಿದೆ ಎಂದು ವಿವರಿಸಬೇಕು. ಬರೆದಿಳಿಸಿದಾಗ ಕಂಡದ್ದು: ಅರ್ಧ ಗಂಟೆಯಲ್ಲಿ ನಾನು ಹನ್ನೊಂದು ಸಲ ಬುದ್ಧಿ ಹೇಳಿದ್ದೆ. ನಮ್ಮಲ್ಲಿ ಬುದ್ಧಿ ಹೇಳುವುದು ಪ್ರೀತಿಯ ಗುರುತು. ಅಜ್ಜಿ, ಸೋದರಮಾವ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಎಲ್ಲರೂ ಹಾಗೆಯೇ ನಮ್ಮನ್ನು ನೋಡಿಕೊಂಡವರು. ಅದನ್ನು ಬಿಟ್ಟುಬಿಡಬೇಕಾಗಿಲ್ಲ, ಆದರೆ ಎದುರಿನವರ ಮಾತು ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳಬೇಕು. ಸುಮ್ಮನೆ ಕೂರಲು ಕಲಿಯುವುದಕ್ಕೆ ನನಗೆ ಒಂದು ವರ್ಷ ಬೇಕಾಯಿತು. ನೀವೂ ಗುಂಪು ಸಮಾಲೋಚನೆಯಲ್ಲಿ ಸದಸ್ಯರಾಗಿ ಕನಿಷ್ಠ 10 ಗಂಟೆ ಕೂರಬೇಕೆಂಬ ನಿಯಮವಿದೆ. ಮನೆಯ ಮಾತನ್ನು ಹೊರಗೆ ಆಡಬಾರದು ಎಂದು ಬೆಳೆದವರಿಗೆ ಅದು ಸುಲಭವಲ್ಲ. ಎಷ್ಟು ಹಂಚಿಕೊಳ್ಳಬೇಕೆಂಬ ನಿರ್ಧಾರ ನಿಮ್ಮದೇ. ಆ ಗಡಿಯನ್ನು ಮೊದಲ ದಿನವೇ ಹಾಕಿಕೊಳ್ಳಿ.

ಹಂತ 6: ಪ್ರಾಕ್ಟಿಕಮ್, ಎರಡು ಇಂಟರ್ನ್‌ಶಿಪ್

ಕೇಕ್ರೆಪ್ ಲೆಕ್ಕದಲ್ಲಿ ಪ್ರಾಕ್ಟಿಕಮ್ 100 ಗಂಟೆ, ಅದರಲ್ಲಿ 40 ನೇರವಾಗಿ ಜನರೊಂದಿಗೆ. ಇಂಟರ್ನ್‌ಶಿಪ್ 600 ಗಂಟೆ, ಅದರಲ್ಲಿ 240 ನೇರ. ಎರಡು ಶಾಖೆ ಎಂದರೆ ಎರಡು ಇಂಟರ್ನ್‌ಶಿಪ್. ಒಟ್ಟು 1,300 ಗಂಟೆ. 600 ಗಂಟೆಯನ್ನು 15 ವಾರಗಳ ಎರಡು ಸೆಮಿಸ್ಟರ್‌ಗೆ ಹಂಚಿದರೆ ವಾರಕ್ಕೆ 20 ಗಂಟೆ. ಎರಡನ್ನೂ ಒಂದೇ ವರ್ಷದಲ್ಲಿ ಇಟ್ಟುಕೊಂಡರೆ ವಾರಕ್ಕೆ 40, ಮೇಲೆ ತರಗತಿಗಳು. ಹಾಗೆ ಮಾಡಿ ಅರ್ಧಕ್ಕೆ ನಿಲ್ಲಿಸಿದವರನ್ನು ಕಂಡಿದ್ದೇನೆ. ಎಫ್-1ನವರಿಗಂತೂ ಅದು ಪೂರ್ಣಾವಧಿ ಸಿಪಿಟಿಯಾಗಿಬಿಡುತ್ತದೆ.

ನಾನು ಹೇಳುವ ಕ್ರಮ ಇದು. ಮೊದಲ ವರ್ಷದ ಕೊನೆಗೆ ಪ್ರಾಕ್ಟಿಕಮ್. ಎರಡನೇ ವರ್ಷ, ರೋಗನಿದಾನದ ವಿಷಯ ಮುಗಿದ ಮೇಲೆ, ಸಂಜೆ ತೆರೆದಿರುವ ಸಮುದಾಯ ಕ್ಲಿನಿಕ್ಕಿನಲ್ಲಿ ಮೊದಲ ಇಂಟರ್ನ್‌ಶಿಪ್. ಮೂರನೇ ವರ್ಷ ಶಾಲೆಯಲ್ಲಿ. ಶಾಲೆಯನ್ನು ಕೊನೆಗಿಡಲು ಕಾರಣವಿದೆ: ಮುಂದಿನ ವರ್ಷದ ಹುದ್ದೆಗಳನ್ನು ಶಾಲಾ ಜಿಲ್ಲೆಗಳು ವಸಂತದಲ್ಲಿ ತುಂಬುತ್ತವೆ, ಆಗ ನೀವು ಅದೇ ಕಟ್ಟಡದಲ್ಲಿದ್ದರೆ ಪ್ರಾಂಶುಪಾಲರಿಗೆ ನಿಮ್ಮ ಮುಖ ಗೊತ್ತಿರುತ್ತದೆ. ಶಾಲೆಗೆ ಬೇಸಿಗೆ ರಜೆ ಇದೆ ಎಂಬುದನ್ನು ಮರೆತು ಮೇ ತಿಂಗಳಲ್ಲಿ ಗಂಟೆಗಳಿಗೆ ಒದ್ದಾಡುವವರು ಪ್ರತಿವರ್ಷ ಇರುತ್ತಾರೆ.

ನೇರ ಗಂಟೆಗೆ ಯಾವುದು ಸೇರುತ್ತದೆ ಎಂಬುದನ್ನು ಮೊದಲ ವಾರವೇ ಮೇಲ್ವಿಚಾರಕರೊಂದಿಗೆ ಬರೆದುಕೊಳ್ಳಿ. ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಮಕ್ಕಳನ್ನು ಕಾಯುವುದು, ಪರೀಕ್ಷಾ ಕೊಠಡಿಯ ಉಸ್ತುವಾರಿ ನೇರ ಗಂಟೆಗಳಲ್ಲ. ನನಗೆ ಒಂದು ಶಾಲೆಯಲ್ಲಿ ಆರು ವಾರ ಅದನ್ನೇ ಕೊಟ್ಟರು, ನಾನು ಸಂಕೋಚದಿಂದ ಸುಮ್ಮನಿದ್ದೆ. ದೊಡ್ಡವರಿಗೆ ಎದುರು ಹೇಳಬಾರದೆಂಬ ನಮ್ಮ ವಿನಯ ಇಲ್ಲಿ ದುಬಾರಿಯಾಗುತ್ತದೆ. ವಿಶ್ವವಿದ್ಯಾಲಯದ ಮೇಲ್ವಿಚಾರಕಿಗೆ ಎರಡನೇ ವಾರವೇ ಹೇಳಬೇಕಿತ್ತು.

ಎರಡು ಕಡೆಯ ಕೆಲಸದಲ್ಲಿ ನಿಮ್ಮನ್ನು ನಿಜವಾಗಿ ಪರೀಕ್ಷಿಸುವುದು ಗುಟ್ಟು ಕಾಯುವ ನಿಯಮ. ಕ್ಲಿನಿಕ್ಕಿನ ದಾಖಲೆಗಳಿಗೆ 1996ರ ಹಿಪಾ ಕಾಯಿದೆ, ಶಾಲೆಯ ದಾಖಲೆಗಳಿಗೆ 1974ರ ಫರ್ಪಾ ಕಾಯಿದೆ. ಫರ್ಪಾ ಪ್ರಕಾರ ಮಗುವಿನ ಶೈಕ್ಷಣಿಕ ದಾಖಲೆ ನೋಡುವ ಹಕ್ಕು ತಂದೆತಾಯಿಯದು. ಶಾಲೆಯ ಕಡತದಲ್ಲಿ ನೀವು ಬರೆದ ಒಂದು ವಾಕ್ಯ ನಾಳೆ ಅಮ್ಮನ ಕೈಯಲ್ಲಿರಬಹುದು. ಅಪಾಯದ ವಿಷಯದಲ್ಲಿ ಮಾತ್ರ ಎರಡೂ ಕಡೆ ಗುಟ್ಟು ಸಡಿಲವಾಗುತ್ತದೆ. ಇಲ್ಲಿ ಎಲ್ಲ ವಿದ್ಯಾರ್ಥಿಗಳೂ ಓದುವ ಟಾರಾಸಾಫ್ ತೀರ್ಪು ಭಾರತದಿಂದ ಬರ್ಕ್ಲಿಗೆ ಓದಲು ಬಂದಿದ್ದ ವಿದ್ಯಾರ್ಥಿಯೊಬ್ಬನ ಪ್ರಕರಣದಿಂದ ಹುಟ್ಟಿತು. ತಾನು ಒಬ್ಬ ಯುವತಿಯನ್ನು ಕೊಲ್ಲುವುದಾಗಿ ಅವನು ಚಿಕಿತ್ಸಕರಿಗೆ ಹೇಳಿದ್ದ. ಆ ಯುವತಿಗೆ ಯಾರೂ ಎಚ್ಚರಿಕೆ ಕೊಡಲಿಲ್ಲ. 1969ರಲ್ಲಿ ಕೊಲೆ ನಡೆಯಿತು. ಅಪಾಯದಲ್ಲಿರುವವರನ್ನು ಕಾಪಾಡುವ ಹೊಣೆ ಚಿಕಿತ್ಸಕರಿಗಿದೆ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ ಹೇಳಿತು. ಆ ಪಾಠದ ದಿನ ಪರದೇಶದಲ್ಲಿ ಒಂಟಿಯಾಗಿದ್ದ ಆ ಹುಡುಗನ ಬಗ್ಗೆಯೂ, ಜೀವ ಕಳೆದುಕೊಂಡ ಆ ಹುಡುಗಿಯ ಬಗ್ಗೆಯೂ ಯೋಚಿಸುತ್ತ ಬಹಳ ಹೊತ್ತು ಗ್ರಂಥಾಲಯದಲ್ಲೇ ಕೂತಿದ್ದೆ.

ಹಂತ 7: ಪರೀಕ್ಷೆ, ಕೆಲಸ

ಕ್ಲಿನಿಕ್ ಕಡೆ ಎನ್‌ಸಿಇ ಅಥವಾ ಎನ್‌ಸಿಎಂಎಚ್‌ಸಿಇ ಪರೀಕ್ಷೆ. ಎನ್‌ಸಿಇ 200 ಪ್ರಶ್ನೆಗಳ ಬಹು ಆಯ್ಕೆ ಪರೀಕ್ಷೆ. ಎರಡನೆಯದು ರೋಗಿಗಳ ಪ್ರಕರಣಗಳನ್ನು ಮುಂದಿಟ್ಟು ಕೇಳುತ್ತದೆ. ಕ್ಯಾಲಿಫೋರ್ನಿಯಾಕ್ಕೆ ಎರಡನೆಯದೇ ಬೇಕು, ಜೊತೆಗೆ ಕಾನೂನು ಮತ್ತು ವೃತ್ತಿಧರ್ಮದ ಪರೀಕ್ಷೆ. ಶಾಲೆಯ ಕಡೆ ಹಲವು ರಾಜ್ಯಗಳು ಪ್ರಾಕ್ಸಿಸ್ ಎಂಬ ಪರೀಕ್ಷೆ ಕೇಳುತ್ತವೆ. ನಿಮ್ಮ ರಾಜ್ಯ ಅವಕಾಶ ಕೊಟ್ಟರೆ, ಓದು ಹಸಿಯಾಗಿರುವಾಗಲೇ, ಕೊನೆಯ ಸೆಮಿಸ್ಟರ್‌ನಲ್ಲಿ ಬರೆದು ಮುಗಿಸಿ.

ಎರಡೂ ಅರ್ಹತೆ ಇದ್ದವರು ಹಗಲು ಶಾಲೆಯಲ್ಲಿ ದುಡಿದು ಸಂಜೆ, ಬೇಸಿಗೆ ರಜೆಯಲ್ಲಿ ಮೇಲ್ವಿಚಾರಣೆಯ ಗಂಟೆಗಳನ್ನು ಕೂಡಿಸುವುದು ಸಾಮಾನ್ಯ. ಶಾಲೆಯ ಕೆಲಸದ ಗಂಟೆಗಳು ಕ್ಲಿನಿಕ್ ಪರವಾನಗಿಗೆ ಲೆಕ್ಕವಾಗುತ್ತವೆಯೇ ಎಂಬುದು ರಾಜ್ಯಕ್ಕೊಂದು ಬಗೆ. ಆದರೆ ಒಂದು ಗೆರೆಯನ್ನು ದಾಟುವಂತಿಲ್ಲ: ನಿಮ್ಮ ಶಾಲೆಯ ಮಗುವನ್ನೇ ಸಂಜೆ ಹಣ ಪಡೆದು ನೋಡಬಾರದು. 'ನೀವೇ ನೋಡಬಾರದೇ, ನೀವಾದರೆ ಕನ್ನಡವೂ ಬರುತ್ತದೆ' ಎಂದು ತಾಯಿಯೊಬ್ಬರು ಕೇಳಿದಾಗ ಇಲ್ಲವೆನ್ನುವುದು ಕಷ್ಟ. ಆಗ ನಿಮ್ಮ ಎರಡನೇ ಓದು ಇನ್ನೊಂದು ರೀತಿಯಲ್ಲಿ ಕೆಲಸಕ್ಕೆ ಬರುತ್ತದೆ. ಯಾವ ಬಗೆಯ ಥೆರಪಿಸ್ಟ್ ಬೇಕು, ಅವರನ್ನು ಏನು ಕೇಳಬೇಕು, ಅವರ ಪತ್ರ ಬಂದ ಮೇಲೆ ಶಾಲೆಯಿಂದ ಯಾವ ಅನುಕೂಲ ಪಡೆಯಬೇಕು ಎಂದು ನೀವು ಆ ತಾಯಿಗೆ ನಿಖರವಾಗಿ ಹೇಳಬಲ್ಲಿರಿ.

ಕರ್ನಾಟಕಕ್ಕೆ ಮರಳುವವರು ಗಮನಿಸಬೇಕಾದದ್ದು: ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಈ ಪದವಿ ಅದಕ್ಕೆ ಸಮವಲ್ಲ. ಶಾಲೆಗಳಲ್ಲಿ, ಕಾಲೇಜುಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ ಆಪ್ತಸಮಾಲೋಚಕರಾಗಿ ಕೆಲಸವಿದೆ. ಹಲಗೆಯ ಮೇಲೆ ಆ ಹೆಸರನ್ನೇ ಹಾಕಿಕೊಳ್ಳಿ.

ಹಂತ 8: ಕಾಗದಗಳು

ಪ್ರತಿ ವಿಷಯದ ಪಠ್ಯವಿವರ, ಸಹಿಯಿರುವ ಗಂಟೆಗಳ ಹಾಳೆ, ಮೇಲ್ವಿಚಾರಕರ ಪರವಾನಗಿ ಸಂಖ್ಯೆ, ಅವರ ಖಾಸಗಿ ಇಮೇಲ್, ಇವೆಲ್ಲವನ್ನೂ ಆಯಾ ತಿಂಗಳೇ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ಪದವಿ ಮುಗಿದು ನಾಲ್ಕು ವರ್ಷದ ಮೇಲೆ ನಾನು ಇನ್ನೊಂದು ರಾಜ್ಯಕ್ಕೆ ಹೋದಾಗ ಅಲ್ಲಿನ ಮಂಡಳಿ ಎರಡನೇ ಸೆಮಿಸ್ಟರ್‌ನ ಒಂದು ವಿಷಯದ ಪಠ್ಯವಿವರ ಕೇಳಿತು. ಅಷ್ಟರಲ್ಲಿ ವಿಭಾಗ ತನ್ನ ಹಳೆಯ ಪುಟಗಳನ್ನು ತೆಗೆದುಹಾಕಿತ್ತು, ಕಲಿಸಿದ ಪ್ರಾಧ್ಯಾಪಕರು ನಿವೃತ್ತರಾಗಿದ್ದರು. ಹಳೆಯ ಲ್ಯಾಪ್‌ಟಾಪಿನಲ್ಲಿ ಆ ಕಡತ ಸಿಗಲು ಹನ್ನೆರಡು ದಿನ ಹಿಡಿಯಿತು, ಮಂಡಳಿ ಕೊಟ್ಟಿದ್ದ ಗಡುವು ಎರಡು ವಾರ.